ವಡೆ ರಸ್ತೆಯಲ್ಲಿ ವಡೆ ಬಿಟ್ಟು ಏನೇನಿದೆ

ನಮ್ಮದು ಮದ್ದೂರು ಅಂದರೆ ಸಾಕು, ಎದುರಿಗಿದ್ದವರು "ಓ, ವಡೆ!" ಅನ್ನುತ್ತಾರೆ. ಬೆಂಗಳೂರಿನ ಆಫೀಸಿನಲ್ಲೂ ಹಾಗೇ, ಹುಬ್ಬಳ್ಳಿಯ ಮದುವೆ ಮನೆಯಲ್ಲೂ ಹಾಗೇ. ಶನಿವಾರ ಊರಿಗೆ ಹೊರಟರೆ "ಬರ್ತಾ ಒಂದ್ ಡಜನ್ ತಗೊಂಡ್ ಬಾ" ಅಂತ ಆರ್ಡರ್ ಬೇರೆ. ಬೇಜಾರೇನಿಲ್ಲ, ತರುತ್ತೇನೆ. ಒಂದು ತಿಂಡಿಯಿಂದ ಇಡೀ ರಾಜ್ಯಕ್ಕೆ ಊರಿನ ಹೆಸರು ಗೊತ್ತಾಗುವುದು ಸಣ್ಣ ಮಾತಲ್ಲ. ಆದರೆ ನನಗೊಂದು ತಕರಾರಿದೆ. ಆ ವಡೆಯ ಗಲಾಟೆಯಲ್ಲಿ ನಮ್ಮ ರಸ್ತೆಯಲ್ಲಿ ಬೇಯುವ ಉಳಿದ ಊಟ ಯಾರ ಕಣ್ಣಿಗೂ ಬೀಳುತ್ತಿಲ್ಲ.

ರಸ್ತೆ ಅಂದರೆ ಹಳೇ ಬೆಂಗಳೂರು-ಮೈಸೂರು ರಸ್ತೆ. ಅದರಲ್ಲೂ ನಿಡಘಟ್ಟದಿಂದ ಮದ್ದೂರು ಪೇಟೆ ಹಾದು ಗೆಜ್ಜಲಗೆರೆವರೆಗಿನ ತುಂಡು. ಎರಡೂ ಕಡೆ ಬೋರ್ಡುಗಳು. ಬೋರ್ಡಿನ ಮೇಲೆಲ್ಲ ವಡೆ. ಒಬ್ಬರದು "ಒರಿಜಿನಲ್", ಪಕ್ಕದವರದು "ಅಸಲಿ", ಅದರಾಚೆಯವರದು "ಹಳೆಯ". ಹೊಸಬರು ಯಾರಾದರೂ ಕಾರಿನಲ್ಲಿ ಹೋದರೆ ಈ ಊರಿನ ಜನ ಮೂರು ಹೊತ್ತೂ ವಡೆಯನ್ನೇ ತಿಂದು ಬದುಕುತ್ತಾರೆ ಅಂದುಕೊಳ್ಳಬೇಕು.

ವಡೆಯ ಕಥೆ ನಿಮಗೂ ಗೊತ್ತಿರುತ್ತದೆ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ತಿಂಡಿ ಮಾರುತ್ತಿದ್ದರು. ಒಂದು ದಿನ ರೈಲು ಬೇಗ ಬಂದುಬಿಟ್ಟಿತಂತೆ. ಪಕೋಡ ಬಿಡುತ್ತಾ ಕೂರಲು ಪುರುಸೊತ್ತಿಲ್ಲದೆ ಹಿಟ್ಟನ್ನು ಅಗಲಕ್ಕೆ ತಟ್ಟಿ ಎಣ್ಣೆಗೆ ಹಾಕಿದರಂತೆ. ಇದಕ್ಕೆ ಬಾಯಿಂದ ಬಾಯಿಗೆ ಎಷ್ಟು ಒಗ್ಗರಣೆ ಬಿದ್ದಿದೆಯೋ ಏನೋ. ಆದರೆ ವಡೆಯನ್ನು ನೋಡಿದರೆ ಕಥೆ ನಂಬುವ ಹಾಗೇ ಇದೆ. ಉದ್ದಿನಬೇಳೆ ನೆನೆಸುವ ಕೆಲಸವಿಲ್ಲ, ರುಬ್ಬುವ ಕೆಲಸವಿಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಮೇಲೆ ಒಂದಿಷ್ಟು ಕಾದ ಎಣ್ಣೆ. ಗಟ್ಟಿಯಾಗಿ ಕಲಸಿ ತಟ್ಟಿದರೆ ಆಯಿತು. ಸಾಂಬಾರಿಲ್ಲದೆ ತಿನ್ನಬಹುದು, ತಟ್ಟೆ ಬೇಕಾಗಿಲ್ಲ. ಪೇಪರಿನಲ್ಲಿ ಸುತ್ತಿ ರೈಲಿನ ಕಿಟಕಿಯೊಳಗೆ ಕೈಗಿಟ್ಟರೆ ವ್ಯಾಪಾರ ಮುಗಿಯಿತು. ಮಾರನೇ ದಿನಕ್ಕೂ ಕೆಡುವುದಿಲ್ಲ.

ಅಂದರೆ ಇದು ಊರಲ್ಲಿ ಇಳಿಯದೇ ಹೋಗುವವರಿಗಾಗಿ ಹುಟ್ಟಿದ ತಿಂಡಿ. ರೈಲಿನವರು ಇಳಿಯಲಿಲ್ಲ. ಆಮೇಲೆ ಬಂದ ಬಸ್ಸಿನವರು, ಕಾರಿನವರು ಇಳಿದರೂ ಕಾಫಿ ಕುಡಿದು ಹತ್ತು ನಿಮಿಷದಲ್ಲಿ ಹೊರಟರು. ನಮ್ಮ ರಸ್ತೆಗೆ ಹೆಸರು ಕೊಟ್ಟವರು ಇವರೇ. ಆದರೆ ಈ ರಸ್ತೆಯಲ್ಲಿ ನಿಲ್ಲುವವರು, ಕೂರುವವರು, ಲೋಡು ಮಾಡುವವರು, ರಾತ್ರಿ ಕಳೆಯುವವರು ಬೇರೆಯೇ ಇದ್ದಾರೆ. ಅವರು ಊಟ ಮಾಡುವ ಜಾಗಗಳೂ ಬೇರೆ.

ಮೊದಲು ಎಳನೀರಿನ ಕಡೆ ಬನ್ನಿ. ಮದ್ದೂರು ಎಪಿಎಂಸಿಯ ಎಳನೀರು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ನಮ್ಮವರು ಹೇಳಿಕೊಳ್ಳುತ್ತಾರೆ. ಆ ಪೈಪೋಟಿ ನನಗೆ ಬೇಡ. ಲೋಡು ದೆಹಲಿ, ಮುಂಬೈ, ಹೈದರಾಬಾದಿಗೆ ಹೋಗುವುದಂತೂ ನಿಜ. ಹೋಗಬೇಕಾದರೆ ಲಾರಿ ಬರಬೇಕು. ಲಾರಿ ತುಂಬುವುದು ಒಂದು ಗಂಟೆಯ ಕೆಲಸವಲ್ಲ. ಅಷ್ಟು ಹೊತ್ತು ಡ್ರೈವರು, ಕ್ಲೀನರು ಏನು ಮಾಡಬೇಕು? ಉತ್ತರದ ಡ್ರೈವರಿಗೆ ಎರಡು ವಡೆ ಕೊಟ್ಟು ದೆಹಲಿಗೆ ಕಳಿಸಲು ಆಗುತ್ತದೆಯೇ? ಅವನಿಗೆ ರೊಟ್ಟಿ ಬೇಕು, ದಾಲ್ ಬೇಕು, ಅಂಗೈ ಅಗಲದ ತಟ್ಟೆಯಲ್ಲಿ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ ಬೇಕು. ಹಾಗಾಗಿ ಲಾರಿಗಳು ನಿಲ್ಲುವ ಕಡೆ ಢಾಬಾಗಳಿವೆ. ಎಸಿ ಹಾಕಿ, ಕೆಂಪು ದೀಪ ಬಿಟ್ಟು "ಪಂಜಾಬಿ" ಅಂತ ಬರೆದುಕೊಂಡ ಢಾಬಾಗಳ ಬಗ್ಗೆ ಹೇಳುತ್ತಿಲ್ಲ. ಶೀಟು ಹೊದಿಸಿದ, ಹಗ್ಗದ ಮಂಚ ಹಾಕಿದ ಢಾಬಾ. ಅಂಥ ಒಂದು ಕಡೆ ರಾಜಸ್ಥಾನದ ಅಡುಗೆಯವನಿದ್ದಾನೆ. ಎಳನೀರು ತಂದ ನಮ್ಮ ರೈತರೂ ಈಗ ಅವನ ಬಳಿಯೇ ಊಟಕ್ಕೆ ಕೂರುತ್ತಾರೆ. "ಖಾರ ಸಾಲ್ದು ಕಣಣ್ಣ, ಇನ್ನೊಸಿ ಹಾಕು" ಅಂತ ದಿನಾ ಹೇಳಿ ಹೇಳಿ ಅವನ ದಾಲ್‌ಗೆ ಮಂಡ್ಯದ ಖಾರ ಹತ್ತಿಬಿಟ್ಟಿದೆ. ಹರಿಯಾಣದ ಡ್ರೈವರೊಬ್ಬ ಅದನ್ನು ತಿಂದು ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಬಟ್ಟಲು ಕೇಳಿದ್ದನ್ನು ನಾನೇ ನೋಡಿದ್ದೇನೆ.

ಇನ್ನು ಪರೋಟ. ಇದರ ಹಿಂದೆ ಕಾಡಿನ ಲೆಕ್ಕವಿದೆ. ಬಂಡೀಪುರದ ಒಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಈ ಕಟ್ಟುಪಾಡು 2009ರಿಂದ ಇದೆ. ಬೆಂಗಳೂರಿನಿಂದ ವಯನಾಡು, ಕೋಝಿಕ್ಕೋಡ್ ಕಡೆ ಹೊರಟ ಲಾರಿ ಒಂಬತ್ತರೊಳಗೆ ಗೇಟು ಮುಟ್ಟದಿದ್ದರೆ ಬೆಳಗಿನವರೆಗೆ ಕಾಯಲೇಬೇಕು. ಗೇಟಿನ ಮುಂದೆ ಸಾಲಿನಲ್ಲಿ ನಿಂತು ಸೊಳ್ಳೆ ಕಚ್ಚಿಸಿಕೊಳ್ಳುವ ಬದಲು ಕೆಲವರು ದಾರಿಯಲ್ಲೇ ನಿಧಾನ ಮಾಡುತ್ತಾರೆ. ರಾತ್ರಿ ಹನ್ನೊಂದಾದರೂ ಬಾಗಿಲು ತೆರೆದಿರುವ ಮಲಯಾಳಿ ಹೋಟೆಲುಗಳ ಮುಂದೆ ಕೇರಳದ ನಂಬರಿನ ಲಾರಿ ನಿಂತಿರುವುದು ಅದಕ್ಕೇ. ಕೈಯಲ್ಲಿ ಹೊಡೆದು ಪದರ ಬಿಡಿಸಿದ ಪರೋಟ, ತೆಂಗಿನೆಣ್ಣೆ ವಾಸನೆಯ ಕೋಳಿ ಕರಿ, ಕೊನೆಗೆ ಗಾಜಿನ ಲೋಟದಲ್ಲಿ ಸುಲೈಮಾನಿ. ತೆಂಗು ಬೆಳೆಯುವ ಊರಿನವರಾದ ನಾವು ತೆಂಗಿನೆಣ್ಣೆಯಲ್ಲಿ ಅಡುಗೆ ಮಾಡಿದರೆ ಮುಖ ಕಿವುಚುತ್ತೇವೆ. ಯಾಕೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ತಲೆಗೆ ಮಾತ್ರ.

ಸಂಜೆ ಆದರೆ ಕಬಾಬ್ ಗಾಡಿ, ಗೋಬಿ ಗಾಡಿ. ಇವು ಎಲ್ಲ ಊರಲ್ಲೂ ಇವೆ, ಹೆಚ್ಚು ಹೇಳುವುದಿಲ್ಲ. 2024ರಲ್ಲಿ ಸರ್ಕಾರ ಮೊದಲು ಗೋಬಿಗೆ, ಆಮೇಲೆ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ತಂದಿತಲ್ಲ, ಆಗ ಒಂದಷ್ಟು ದಿನ ನಮ್ಮ ಗಾಡಿಗಳಲ್ಲಿ ಗೋಬಿ ಬಿಳಿಚಿಕೊಂಡಿತ್ತು. ಗಿರಾಕಿಗಳು "ಏನಣ್ಣ, ಬೇಯ್ಸೇ ಇಲ್ವಾ?" ಅಂತ ಕೇಳುತ್ತಿದ್ದರು. ಬಣ್ಣ ಹೋದ ಮೇಲೆ ಯಾರ ಮಸಾಲೆಯಲ್ಲಿ ದಮ್ಮಿದೆ ಅನ್ನುವುದು ಗೊತ್ತಾಯಿತು. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು.

ಗೆಜ್ಜಲಗೆರೆ ಕಡೆಗೆ ಹೋದರೆ ಇನ್ನೊಂದು ಲೋಕ. ಮನ್‌ಮುಲ್ ಡೇರಿ ಅಲ್ಲೇ ಇದೆ, ಫ್ಯಾಕ್ಟರಿಗಳಿವೆ. ಒಡಿಶಾ, ಬಿಹಾರದ ಕಡೆಯಿಂದ ಬಂದ ಹುಡುಗರು ರೂಮು ಮಾಡಿಕೊಂಡಿದ್ದಾರೆ. ಅವರಿಗಾಗಿ ನಡೆಯುವ ಅಡುಗೆ ಮನೆಗಳಿಗೆ ಬೋರ್ಡೇ ಇಲ್ಲ. ಮನೆಯ ಮುಂದಿನ ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅನ್ನ ಮತ್ತು ಮೀನು. ಮೀನು ನಮ್ಮ ಕೆರೆಯದೇ. ಅದೇ ಕಾಟ್ಲಾ, ಅದೇ ರೋಹು. ನಮ್ಮವ್ವ ಅದಕ್ಕೆ ಹುಣಸೆಹುಳಿ ಬಿಟ್ಟು, ಕೊತ್ತಂಬರಿ ಬೀಜ, ಬೆಳ್ಳುಳ್ಳಿ ಅರೆದು ಸಾರು ಮಾಡುತ್ತಾಳೆ. ಇವರು ಸಾಸಿವೆ ಎಣ್ಣೆಯಲ್ಲಿ ಕರಿದು ಸಾಸಿವೆಯನ್ನೇ ಅರೆದು ಹಾಕುತ್ತಾರೆ. ಮೊದಲ ತುತ್ತಿಗೆ ಮೂಗಿಗೆ ಏರುತ್ತದೆ. ನಿಮಗೆ ಸೇರುತ್ತದೋ ಇಲ್ಲವೋ ಹೇಳಲಾರೆ. ನನಗೆ ಸೇರಿತು.

ಇಷ್ಟೆಲ್ಲ ಹೇಳಿ ಮುದ್ದೆ ಬಿಟ್ಟರೆ ಮಂಡ್ಯದವರು ನನ್ನನ್ನು ಊರೊಳಗೆ ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ಈ ರಸ್ತೆಯಲ್ಲಿ ಹೊರಗಿನವರಿಗೆ ತೀರಾ ಅಪರಿಚಿತವಾಗಿ ಉಳಿದಿರುವುದು ಕೇರಳದ್ದೂ ಅಲ್ಲ, ಒಡಿಶಾದ್ದೂ ಅಲ್ಲ, ನಮ್ಮದೇ ಊಟ. ನಾಟಿ ಕೋಳಿ, ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪಿನ ಹೆಸರನ್ನಾದರೂ ಜನ ಕೇಳಿರುತ್ತಾರೆ. "ಬನ್ನೂರು ಕುರಿ" ಅಂತ ಬೋರ್ಡು ನೋಡಿ ನಿಲ್ಲಿಸುವವರೂ ಇದ್ದಾರೆ. ಆ ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು. ಗಿಡ್ಡ ಕಾಲಿನ, ಮೈತುಂಬಿದ ಕುರಿ. ಮಾಂಸದ ಒಳಗೇ ಕೊಬ್ಬು ಹರಡಿರುವುದರಿಂದ ಮೆತ್ತಗೆ ಬೇಯುತ್ತದೆ. ಆದರೆ ರಸ್ತೆಯಲ್ಲಿ ಬೋರ್ಡು ಹಾಕಿದವರೆಲ್ಲ ನಿಜವಾಗಿಯೂ ಅದನ್ನೇ ಕುಯ್ಯುತ್ತಿದ್ದರೆ ಇಷ್ಟು ಹೊತ್ತಿಗೆ ತಳಿಯೇ ಮುಗಿದಿರುತ್ತಿತ್ತು.

ಬಾಡಿನ ಮಾತು ಹಾಗಿರಲಿ. ಉಪ್ಸಾರು ಗೊತ್ತಾ? ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಉಪ್ಪು. ಪಕ್ಕದಲ್ಲಿ ಖಾರ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಸೇರಿಸಿ ಅರೆದ ಗಟ್ಟಿ ಖಾರ. ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಖಾರಕ್ಕೆ ತಾಗಿಸಿ ನುಂಗಬೇಕು. ಸಾರು ನೋಡಲು ಏನೂ ಇಲ್ಲ, ತೆಳ್ಳಗೆ ನೀರಿನ ಹಾಗೇ ಇರುತ್ತದೆ. ಫೋಟೋಗೆ ಬೀಳುವುದಿಲ್ಲ. ಅದಕ್ಕೇ ಇರಬೇಕು, ರೀಲ್ಸ್ ಮಾಡುವವರು ಕ್ಯಾಮೆರಾ ಹಿಡಿದುಕೊಂಡು ಬಂದು ತುಪ್ಪ ಸುರಿದ ಬಿರಿಯಾನಿ ಹುಡುಕುತ್ತಾ ಇದರ ಮುಂದೆಯೇ ಹಾದು ಹೋಗುತ್ತಾರೆ. ಪೇಟೆಯ ಒಳಗೆ ಅಕ್ಕನೊಬ್ಬರು ನಡೆಸುವ ಸಣ್ಣ ಹೋಟೆಲಿದೆ. ಬೆಳಿಗ್ಗೆ ಸಂತೆಗೆ ಬಂದ ಹೆಂಗಸರಿಂದಲೇ ಸೊಪ್ಪು ಕೊಳ್ಳುತ್ತಾರೆ. ಅವತ್ತು ಏನು ಸಿಕ್ಕಿತೋ ಅದೇ ಸಾರು. ಮೆನು ಕೇಳಿದರೆ ನಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಹಿತಕಿದ ಅವರೆಬೇಳೆ ಸಾರು ಸಿಗುತ್ತದೆ. "ಇನ್ನೊಂದ್ ಮುದ್ದೆ ಇಕ್ಲಾ ಅಣ್ಣ?" ಅಂತ ಕೇಳುವಷ್ಟರಲ್ಲಿ ತಟ್ಟೆಗೆ ಬಿದ್ದಿರುತ್ತದೆ.

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹಳೇ ರಸ್ತೆ ಸತ್ತೇ ಹೋಯಿತು ಅನ್ನುವ ಮಾತು ಜಾಸ್ತಿಯಾಗಿದೆ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದು ಇದೇ ಗೆಜ್ಜಲಗೆರೆಯಲ್ಲಿ. ಸುಮಾರು 118 ಕಿಲೋಮೀಟರ್. ಬೆಂಗಳೂರು ಬಿಟ್ಟರೆ ಒಂದೂವರೆ ಗಂಟೆಯಲ್ಲಿ ಮೈಸೂರು ಅಂದರು. ಕಾರಿನವರು ಮೇಲೆ ಹೋದರು, ನಮ್ಮ ಕಡೆ ವಡೆಯ ವ್ಯಾಪಾರ ಬಿತ್ತು. ಬಾಗಿಲು ಹಾಕಿದವರಿದ್ದಾರೆ, ಕೆಲಸ ಕಳೆದುಕೊಂಡ ಸಪ್ಲೈಯರ್‌ಗಳಿದ್ದಾರೆ. ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೆ ರಸ್ತೆ ಸತ್ತಿಲ್ಲ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುತ್ತಿಲ್ಲ. ಅವೆಲ್ಲ ಕೆಳಗೇ ಓಡಾಡಬೇಕು. ಊರೂರಲ್ಲಿ ನಿಲ್ಲಿಸುವ ಬಸ್ಸುಗಳೂ ಇಲ್ಲೇ. ಎಳನೀರು ಲಾರಿ ಮಾರುಕಟ್ಟೆಗೆ ಬರಬೇಕಾದರೆ ಕೆಳಗೆ ಇಳಿಯಲೇಬೇಕು. ಅವಸರದವರು ಹೋದರು, ನಿಲ್ಲುವವರು ಉಳಿದರು. ಬಾಗಿಲು ಹಾಕಿದ್ದ ಒಂದು ವಡೆ ಅಂಗಡಿಯಲ್ಲಿ ಈಗ ಬೈಕಿನ ಹುಡುಗರಿಗೆ ಅಂತ ಬೆಳಿಗ್ಗೆ ಆರಕ್ಕೇ ತಟ್ಟೆ ಇಡ್ಲಿ, ಬೋಟಿ ಗೊಜ್ಜು ಶುರುವಾಗಿದೆ. ಬೆಳಿಗ್ಗೆ ಆರಕ್ಕೆ ಬೋಟಿ! ನನ್ನ ಹೊಟ್ಟೆಗೆ ಅದು ಆಗುವುದಿಲ್ಲ. ತಿನ್ನುವವರು ಸಾಲಿನಲ್ಲಿ ನಿಂತಿರುತ್ತಾರೆ.

ಹಾಗಾಗಿ ಬೆಂಗಳೂರಿನ ಗೆಳೆಯರಿಗೆ ನನ್ನ ಮಾತು ಇಷ್ಟೇ. ಮುಂದಿನ ಸಲ ಟೋಲು ಕೊಟ್ಟು ಹಾರಿ ಹೋಗಬೇಡಿ, ಕೆಳಗೆ ಇಳಿಯಿರಿ. ಬೋರ್ಡು ಓದುತ್ತಾ ಹೋಗಬೇಡಿ, ಮುಂದೆ ನಿಂತ ಗಾಡಿ ನೋಡಿ. ಟ್ರ್ಯಾಕ್ಟರ್ ನಿಂತಿದ್ದರೆ ಮುದ್ದೆ ಚೆನ್ನಾಗಿದೆ. ಬೇರೆ ರಾಜ್ಯದ ಲಾರಿ ನಿಂತಿದ್ದರೆ ಅವರ ಊರಿನ ಊಟ ಒಳಗಿದೆ. ಬರೀ ಟೂರಿಸ್ಟ್ ಟ್ಯಾಕ್ಸಿ ನಿಂತಿದ್ದರೆ ಕಾಫಿ ಕುಡಿದು ಮುಂದೆ ನಡೆಯಿರಿ. ವಡೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಬಿಸಿ ಇದ್ದಾಗ ಕಾಯಿಚಟ್ನಿ ಜೊತೆ ಅದಕ್ಕೆ ಸಮ ಯಾವುದೂ ಇಲ್ಲ. ಅದನ್ನು ದಾರಿಗೆ ಕಟ್ಟಿಸಿಕೊಳ್ಳಿ, ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ನಮ್ಮಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಸರಿ ಕಣೋ, ನೀನು ಹೇಳೋ ಕಡೆಯೆಲ್ಲ ಹೆಂಗಸರಿಗೆ ಟಾಯ್ಲೆಟ್ ಐತಾ?" ಅಂದಳು. ವಡೆ ಹೋಟೆಲುಗಳು ವಡೆಯಿಂದ ಮಾತ್ರ ಗೆದ್ದದ್ದಲ್ಲ ಅನ್ನುವುದು ಅವಳ ವಾದ. ಸ್ವಚ್ಛವಾದ ಟಾಯ್ಲೆಟ್ಟು, ಬೆಳಕು, ಮಕ್ಕಳನ್ನು ಕೂರಿಸಲು ಜಾಗ. ಮನೆ ಮಂದಿ ಗಾಡಿ ನಿಲ್ಲಿಸುವುದು ಇವನ್ನು ನೋಡಿ. ಮುದ್ದೆ ಹೋಟೆಲುಗಳಲ್ಲಿ, ಢಾಬಾಗಳಲ್ಲಿ ನೋಡಿದರೆ ಬರೀ ಗಂಡಸರು. ಕೈ ತೊಳೆಯಲು ಡ್ರಮ್ಮು, ಉಳಿದದ್ದಕ್ಕೆ ಹಿಂದಿನ ಬಯಲು. ಹೆಂಗಸೊಬ್ಬಳು ಒಳಗೆ ಕಾಲಿಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. ಅವಳು ಹೇಳುವುದರಲ್ಲಿ ತಪ್ಪೇನಿದೆ? ಊಟ ಎಷ್ಟೇ ಚೆನ್ನಾಗಿರಲಿ, ಅರ್ಧ ಜನ ಒಳಗೆ ಬರಲು ಹಿಂಜರಿದರೆ ಅದು ಹೋಟೆಲಿನವರ ಸೋಲೇ. ಕಾರು ಬರುತ್ತಿಲ್ಲ ಅಂತ ಗೋಳಾಡುವ ಹೋಟೆಲಿನವರು ಹೊಸ ಬೋರ್ಡಿಗೆ ಹಾಕುವ ದುಡ್ಡನ್ನು ಮೊದಲು ಒಂದು ಟಾಯ್ಲೆಟ್ಟಿಗೆ ಹಾಕಲಿ.

ಉಪ್ಸಾರಿನ ಅಕ್ಕ ಹಿಂದುಗಡೆ ಒಂದು ಕಟ್ಟಿಸಿದ್ದಾರೆ. ಬೀಗದ ಕೈ ಗಲ್ಲಾದ ಮೇಲೆ ನೇತುಹಾಕಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಮನೆಯವರನ್ನು ಕರೆದುಕೊಂಡು ಹೋಗುವುದಾದರೆ ಅಲ್ಲಿಂದಲೇ ಶುರು ಮಾಡಿ. ಮಧ್ಯಾಹ್ನ ಎರಡರ ಮೇಲೆ ಹೋದರೆ ಮುದ್ದೆ ಮುಗಿದು ಬರೀ ಅನ್ನ ಇರುತ್ತದೆ. ಸೋಮವಾರ, ಶನಿವಾರ ಬಾಡು ಮಾಡುವುದಿಲ್ಲ.