ಯಜಮಾನರ ಟೋಪಿಗೆ ಮರುಳಾದ ಹಕ್ಕಿ

ಹಮ್ಮಿಂಗ್‌ಬರ್ಡ್ ಅಂದರೆ ಫಳಫಳ ಹೊಳೆಯುವ ಹಸಿರು, ನೇರಳೆ ಅಂತ ಕ್ಯಾಲೆಂಡರ್ ನೋಡಿ ನಂಬಿದವರು ಒಮ್ಮೆ ಕೋಸ್ಟರಿಕಾದ ಮಳೆಕಾಡಿಗೆ ಹೋಗಬೇಕು. ಸಾರಾಪಿಕೀ ಕಡೆಯ ಕಾಡಿನೊಳಗೆ ಹಾಡುಹಗಲಲ್ಲೇ ಮಬ್ಬು. ಆ ಹೊಳಪೋ, ಬೆಳಕು ಗರಿಯ ಮೇಲೆ ಸರಿಯಾಗಿ ಬಿದ್ದರಷ್ಟೇ ಕಾಣೋದು. ಇಲ್ಲದಿದ್ದರೆ ಎಲ್ಲವೂ ಕಪ್ಪು ಚುಕ್ಕೆ. "ಅಗೋ" ಅನ್ನುವಷ್ಟರಲ್ಲಿ ಅದೂ ಇಲ್ಲ.

ಅಮೆರಿಕದಲ್ಲಿರುವ ಮಗಳು ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿದ್ದಳು. ನನ್ನ ಕೊರಳಲ್ಲಿ ದುರ್ಬೀನು, ಮೂಗಿನ ಮೇಲೆ ಕನ್ನಡಕ, ಎರಡಕ್ಕೂ ಆವಿ. ಒರೆಸೋಣ ಅಂದರೆ ಸೆರಗೂ ಇಲ್ಲ, ಮಗಳು ಪ್ಯಾಂಟು ಹಾಕಿಸಿದ್ದಳು. ಬಣ್ಣ ಬಿಟ್ಟು ಕೊಕ್ಕು, ಬಾಲ ನೋಡಿ ಅಂತ ಗೈಡ್ ಹೇಳಿಕೊಟ್ಟ. ಕೊಕ್ಕು ಕೆಂಪು, ಬಾಲ ಇಟ್ಟಿಗೆ ಬಣ್ಣ ಇದ್ದರೆ ರೂಫಸ್-ಟೇಲ್ಡ್, ತೋಟದಲ್ಲಿ ಕಂಡವರ ಜೊತೆಗೆಲ್ಲ ಜಗಳ ಕಾಯುವ ಜಾತಿ. ನಮಗೆ ಬೇಕಿದ್ದದ್ದು ಕಾಡೊಳಗಿನ ಲಾಂಗ್-ಬಿಲ್ಡ್ ಹರ್ಮಿಟ್. ಕಂದು ಮೈ, ಬಾಗಿದ ಉದ್ದ ಕೊಕ್ಕು, ಬಾಲದ ನಡುವೆ ಬಿಳಿ ತುದಿಯ ಎರಡು ನೀಳ ಗರಿ, ತೂಕ ಸುಮಾರು 6 ಗ್ರಾಂ. ಇದರ ಗಂಡುಗಳು ಪೊದೆಗಳಲ್ಲಿ ಒಂದೆಡೆ ಸೇರಿ, ಬಾಲ ಆಡಿಸುತ್ತಾ ಒಂದೇ ಸ್ವರವನ್ನು ಚೀಕ್ ಚೀಕ್ ಅಂತ ಎಳೆಯುತ್ತವೆ, ಯಾವಳಾದರೂ ಮೆಚ್ಚಲಿ ಅಂತ. ಸದ್ದು ಸುತ್ತಲೂ ಇತ್ತು. ಹಕ್ಕಿ ಮಾತ್ರ ಒಂದೂ ಕಾಣಲಿಲ್ಲ.

"ನಮ್ಮ ದಾಸವಾಳಕ್ಕೆ ಬರೋ ಸೂರಕ್ಕಿನೇ ವಾಸಿ ಕಣೇ, ಕೂತಾದರೂ ಕೂರುತ್ತೆ" ಅಂತ ಯಜಮಾನರು ಗೊಣಗಿದರು.

ಅಷ್ಟರಲ್ಲಿ ಬಂತು. ಎಲ್ಲಿಗೆ? ಅವರ ಮುಖಕ್ಕೇ! ತಲೆ ಮೇಲೆ ಕಡುಗೆಂಪು ಟೋಪಿ ಇತ್ತಲ್ಲ, ಕೆಂಪು ಕಂಡರೆ ಈ ಹಕ್ಕಿಗಳು ಹೂವೇನೋ ಅಂತ ಒಮ್ಮೆ ವಿಚಾರಿಸಿಕೊಂಡು ಹೋಗುತ್ತವೆ. ಮೂಗಿನಿಂದ ಗೇಣು ದೂರದಲ್ಲಿ, ಗಾಳಿಯಲ್ಲೇ ನಿಂತು, ಗುಂಯ್ ಅನ್ನುತ್ತಾ, ಬಾಲದ ಬಿಳಿ ತುದಿ ಅಲ್ಲಾಡಿಸುತ್ತಾ ಟೋಪಿಯನ್ನು ನೋಡಿತು. ಹಣೆಗೆ ಮೆತ್ತಿದ್ದ ಪರಾಗ ಕೂಡ ನನಗೆ ಕಂಡಿತು, ದುರ್ಬೀನೇ ಬೇಕಾಗಲಿಲ್ಲ. ಅವರೋ "ಅಯ್ಯೋ ಜೇನು!" ಅಂತ ಎರಡೂ ಕೈ ಬೀಸಿದರು. ಹಕ್ಕಿ ಇದ್ದ ಹಾಗೇ ಹಿಂದಕ್ಕೆ ಹಾರಿ, ಪಕ್ಕದ ಹೆಲಿಕೋನಿಯಾ ಹೂವಿಗೆ ಕೊಕ್ಕು ಇಳಿಸಿ, ಒಂದು ಗುಟುಕು ಕುಡಿದು ಹೋಯಿತು. ಇವರು ಕೆಸರಲ್ಲಿ ಕೂತಿದ್ದರು.

ಚಿಂತೆ ಬೇಡ ಅಂದ ಗೈಡ್. ಈ ಜಾತಿ ಒಂದೇ ಹೂವಿಗೆ ಕಾವಲು ಕೂರಲ್ಲವಂತೆ. ಹಾಲಿನವನ ಹಾಗೆ ಗೊತ್ತಿರುವ ಮನೆಗಳಿಗೇ ಸುತ್ತು ಹಾಕುತ್ತೆ, ಇಲ್ಲಿಗೆ ಮತ್ತೆ ಬಂದೇ ಬರುತ್ತೆ ಅಂದ. ಮಗಳು ಕ್ಯಾಮೆರಾ ಹಿಡಿದು ರೆಡಿಯಾದಳು. ಯಜಮಾನರು ಟೋಪಿ ಮಡಚಿ ನನ್ನ ಬ್ಯಾಗಿಗೆ ತುರುಕಿ, ಮೆಲ್ಲಗೆ ನನ್ನ ಬೆನ್ನ ಹಿಂದೆ ಬಂದು ನಿಂತರು.

"ನೀನೇ ಮುಂದೆ ನಿಂತ್ಕೊಳೇ. ನೋಡಬೇಕು ನೋಡಬೇಕು ಅಂತಿದ್ದವಳು ನೀನೇ ಅಲ್ವಾ?"