ದವಡೆಗೆ ಹಸಿರು ಚುಕ್ಕಿ ಎಲ್ಲಿ?

ನಮ್ಮ ಶಿರಸಿಯಲ್ಲಿ ಬಿಸ್ಕತ್ತು ಪೊಟ್ಟಣವನ್ನು ಸುಮ್ನೆ ಒಡೆಯುವುದಿಲ್ಲ. ಮೊದಲು ತಿರುಗಿಸಿ ಹಸಿರು ಚುಕ್ಕಿ ಹುಡುಕುತ್ತೇವೆ. ಕೇಕಿಗೆ ಮೊಟ್ಟೆ ಹಾಕಿದ್ದಾರಾ ಎಂದು ಬೇಕರಿಯವನನ್ನು ಎರಡೆರಡು ಸಲ ಕೇಳುತ್ತೇವೆ. ನಾನೂ ಅದೇ ಜಾತಿಯವನು. ಮೂವತ್ತು ವರ್ಷ ಎಲೆಅಡಿಕೆ ಕವಳ ಹಾಕಿ, ಮೇಲಿನ ಎರಡು ದವಡೆ ಹಲ್ಲು ಕಳೆದುಕೊಂಡು, ಇಂಪ್ಲಾಂಟ್, ಅಂದರೆ ಮೂಳೆಗೇ ತಿರುಪು ಕೂರಿಸಿ ಕಟ್ಟುವ ಹಲ್ಲು, ಹಾಕಿಸಲು ಹೋದೆ.

ಡಾಕ್ಟರು ಎಕ್ಸರೇ ತೋರಿಸಿದರು. ಹಲ್ಲು ಹೋದ ಕಡೆ ಮೂಳೆ ಕರಗುತ್ತದೆ, ಮೇಲಿರುವ ಸೈನಸ್ ಎಂಬ ಗಾಳಿಗೂಡು ನಿಧಾನಕ್ಕೆ ಕೆಳಗಿಳಿಯುತ್ತದೆ ಎಂದರು. ಅತಿಕ್ರಮಣ ಅಂದರೇನೆಂದು, ಕಾಡಿನ ಜಾಗದ ಜಗಳ ಕಂಡ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲವಲ್ಲ. ನನಗೆ ಉಳಿದದ್ದು 4 ಮಿಲಿಮೀಟರ್ ಮೂಳೆ, ತಿರುಪು ಹಿಡಿಯಲು ಸಾಲದು. ಇನ್ನು ದವಡೆಯ ಪಕ್ಕದಲ್ಲಿ ಕಿಟಕಿ ಕೊರೆದು, ಸೈನಸ್ಸಿನ ತೆಳು ಪೊರೆ ಹರಿಯದ ಹಾಗೆ ಎತ್ತಿ, ಅದರಡಿ ಮೂಳೆಪುಡಿ ತುಂಬಬೇಕು.

ಯಾರ ಮೂಳೆ? ಅದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಿಸ್ಕತ್ತಾಗಿದ್ದರೆ ಕೇಳುತ್ತಿದ್ದೆ.

ಸಹಿ ಹಾಕಲು ನಾಲ್ಕು ಪುಟದ ಫಾರ್ಮ್ ಕೊಟ್ಟರು. ಪೂರ್ತಿ ಇಂಗ್ಲಿಷು. ಮೂರನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳ ನಡುವೆ 'ಬೋವೈನ್' ಎಂದಿತ್ತು. ನನ್ನ ಎದೆ ಧಸಕ್ಕೆಂದಿತು.

"ತಂಗೀ, ಇದರಲ್ಲಿ ವೈನ್ ಹಾಕ್ತಾರಾ?"

ಕೌಂಟರಿನ ಹುಡುಗಿ ನಕ್ಕು ಸಮಾಧಾನ ಮಾಡಿದಳು. "ಅಯ್ಯೋ ಇಲ್ಲ ಸರ್. ಅದು ದನದ ಮೂಳೆ ಅಷ್ಟೇ."

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನನ್ನದೇ ಮೂಳೆ ಬೇಕಾದರೆ ಗದ್ದದಿಂದಲೋ ದವಡೆಯ ಹಿಂದಿನಿಂದಲೋ ಕೆತ್ತಬೇಕು, ಅಂದರೆ ಎರಡು ಗಾಯ. ಸತ್ತವರು ದಾನ ಕೊಟ್ಟದ್ದೂ ಇದೆ. ಫ್ಯಾಕ್ಟರಿಯಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟೂ ಇದೆ. ದನದ್ದಾದರೆ ಪ್ರೋಟೀನೆಲ್ಲ ತೆಗೆದು ಬರೀ ಖನಿಜ ಉಳಿಸಿರುತ್ತಾರೆ. ಅದು ಬೇಗ ಕರಗುವುದಿಲ್ಲ, ವರ್ಷಗಟ್ಟಲೆ ಒಳಗೇ ಇದ್ದು ಹೊಸ ಮೂಳೆಗೆ ಚಪ್ಪರವಾಗುತ್ತದೆ. ಇಷ್ಟನ್ನು ಕನ್ನಡದಲ್ಲಿ ಹೇಳಲು ಎರಡು ನಿಮಿಷ ಸಾಕಾಯಿತು.

ದರಪಟ್ಟಿಯ ಕೊನೆಯಲ್ಲಿ ಇನ್ನೊಂದು ಐಟಂ: ಪಿಆರ್‌ಎಫ್. ನಮ್ಮದೇ ರಕ್ತ ತೆಗೆದು, ಔಷಧಿ ಏನೂ ಬೆರೆಸದೆ, ಯಂತ್ರದಲ್ಲಿ ಗರಗರ ತಿರುಗಿಸುವುದು. ಫ್ರಾನ್ಸಿನ ಶುಕ್ರೂನ್ ಎಂಬ ವೈದ್ಯರು 2001ರಲ್ಲಿ ಹೇಳಿಕೊಟ್ಟ ದಾರಿ. ಪ್ಲೇಟ್‌ಲೆಟ್ ತುಂಬಿದ ಹಳದಿ ಲೋಳೆ ಬರುತ್ತದೆ, ಎಳನೀರಿನ ಗಂಜಿಯ ಹಾಗೆ. ಗಾಯ ಮಾಯಲು ಒಳ್ಳೆಯದೇ. ಆದರೆ ಇದರಿಂದ ಮೂಳೆ ಜಾಸ್ತಿ ಬೆಳೆಯುತ್ತದೆ ಎನ್ನುವುದಕ್ಕೆ ಸಂಶೋಧನೆಗಳು ಇನ್ನೂ ಗಟ್ಟಿಯಾಗಿ ಹೂಂ ಅಂದಿಲ್ಲ. ಗೋಡೆಯ ಬೋರ್ಡು ಮಾತ್ರ ಅಂದಿತ್ತು: 'ನಿಮ್ಮದೇ ರಕ್ತ, 100% ನ್ಯಾಚುರಲ್!' ಮಜಾ ನೋಡಿ, ಹಸಿರು ಬಣ್ಣದಲ್ಲೇ ಬರೆಸಿದ್ದರು. ನನ್ನ ರಕ್ತವನ್ನು ನನಗೇ ಮಾರಿದರು, ನಾನು ಚೌಕಾಸಿ ಮಾಡಿ ಕೊಂಡೆ.

ಯಂತ್ರ ತಿರುಗಬೇಕಾದ್ದು 12 ನಿಮಿಷ. ಹೊರಗೆ ಆಷಾಢದ ಮಳೆ. ಒಂಬತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಫ್ಯಾನಿಗೆ ಮಾತ್ರ ಇತ್ತು. ಮತ್ತೆ ತೋಳು ಚಾಚಿದೆ.

ಮನೆಗೆ ಬಂದು, ಊದಿದ ಕೆನ್ನೆ ಹಿಡಿದುಕೊಂಡು, ಆಯಿಗೆ ಹೆದರುತ್ತಲೇ ವಿಷಯ ಹೇಳಿದೆ. ಮುಂದಿನ ವಾರ ಅಪ್ಪನ ತಿಥಿ ಬೇರೆ. ಆಯಿ ಸ್ವಲ್ಪ ಹೊತ್ತು ಯೋಚಿಸಿದಳು.

"ಸುಟ್ಟಿದ್ದು ಹೌದಾ?"

"ಹೌದು, ಕಾಯಿಸಿಯೇ ಮಾಡಿದ್ದಂತೆ."

"ಹಂಗಾರೆ ಅದು ಭಸ್ಮ. ಭಸ್ಮಕ್ಕೆ ಎಂತ ಮೈಲಿಗೆ?"

ಇಷ್ಟು ಹೇಳಿ, ಮೆತ್ತಗಿರಲಿ ಎಂದು ನನಗೆ ತಂದಿಟ್ಟಿದ್ದ ಬ್ರೆಡ್ ಪೊಟ್ಟಣವನ್ನು ತಿರುಗಿಸಿ, ದೀಪದ ಹತ್ತಿರ ಹಿಡಿದು ಚುಕ್ಕಿ ಹುಡುಕತೊಡಗಿದಳು.