ಹತ್ತು ವರ್ಷದ ವಾರಂಟಿ ಯಾವುದಕ್ಕೆ?

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ವಾಷಿಂಗ್ ಮೆಷಿನ್‌ಗಳ ಮೇಲೆ ಅಂಗೈಯಗಲದ ಸ್ಟಿಕ್ಕರ್ ಇರುತ್ತದೆ: ಮೋಟಾರಿಗೆ ಹತ್ತು ವರ್ಷ ವಾರಂಟಿ. ಫ್ರಿಜ್ಜಿನ ಮೇಲೂ ಅಂಥದ್ದೇ, ಕಂಪ್ರೆಸರಿಗೆ ಹತ್ತು ವರ್ಷ. ನನ್ನ ತಕರಾರು ಈ ಸ್ಟಿಕ್ಕರಿನ ಬಗ್ಗೆ. ಅದು ಸುಳ್ಳಲ್ಲ, ಸುಳ್ಳಾಗಿದ್ದರೆ ಜಗಳವಾದರೂ ಮಾಡಬಹುದಿತ್ತು. ಮೋಟಾರು ಅಷ್ಟು ಸುಲಭಕ್ಕೆ ಕೆಡುವುದಿಲ್ಲವೆಂದು ಗೊತ್ತಿರುವುದರಿಂದಲೇ ಅಷ್ಟು ಧಾರಾಳ. ಮೊದಲು ಕೈಕೊಡುವುದು ಅದನ್ನು ಓಡಿಸುವ ಸರ್ಕ್ಯೂಟ್ ಬೋರ್ಡು. ಅದರ ವಾರಂಟಿ ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಮುಗಿದಿರುತ್ತದೆ.

ನಮ್ಮ ಗಡಿನಾಡು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಮಧ್ಯಾಹ್ನ ಕಳೆದು ಮೂಡು ದಿಕ್ಕು ಕಪ್ಪಾದರೆ ಸಾಕು, ಮನೆಯಲ್ಲಿ ಯಾರಾದರೊಬ್ಬರು ಟಿ.ವಿ., ಫ್ರಿಜ್ಜು, ಮೋಡೆಮ್ಮಿನ ಪ್ಲಗ್ಗುಗಳನ್ನು ಕೀಳುತ್ತಾ ಓಡಾಡುತ್ತಾರೆ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ತೋಟದಾಚೆಯ ಲೈನಿಗೆ ಬಡಿದರೂ ಕ್ಷಣಮಾತ್ರಕ್ಕೆ ನುಗ್ಗಿ ಬರುವ ವೋಲ್ಟೇಜು ಬೋರ್ಡನ್ನು ಸುಡಲು ಸಾಕು. ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಸಿಡಿಲು, ವೋಲ್ಟೇಜಿನ ಏರಿಳಿತ, ಒಳಗೆ ಸೇರಿಕೊಂಡ ಇಲಿ, ಹಲ್ಲಿ, ಇರುವೆ ಇವೆಲ್ಲ ಹೊರತು. ನಮ್ಮ ಊರಿನಲ್ಲಿ ಯಂತ್ರ ಕೆಡಲು ಇರುವ ಕಾರಣಗಳೇ ಇವು!

ಕಳೆದ ತುಲಾ ತಿಂಗಳಲ್ಲಿ ನಮ್ಮ ಮನೆಯ ವಾಷಿಂಗ್ ಮೆಷಿನ್ ಹೀಗೇ ನಿಂತಿತು. ಕೊಂಡದ್ದು ಮಂಗಳೂರಿನಲ್ಲಿ. ಅಲ್ಲಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ತಲಪಾಡಿ ದಾಟಿದ ಮೇಲೆ ನಮ್ಮ ವ್ಯಾಪ್ತಿಯಲ್ಲ, ಕೇರಳದವರನ್ನು ಕೇಳಿ ಎಂದರು. ಕೇರಳದವರು ಬಿಲ್ಲು ಕರ್ನಾಟಕದ್ದಲ್ಲವೇ ಎಂದರು. ಗಡಿಯಲ್ಲಿರುವವರಿಗೆ ಇದು ಅಭ್ಯಾಸವಾದ ಕತೆ, ಹಾಗಾಗಿ ಹೆಚ್ಚು ಬೆಳೆಸುವುದಿಲ್ಲ. ಕೊನೆಗೂ ಬಂದ ತಂತ್ರಜ್ಞರು ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ. ಸ್ವಿಚ್ಚು ಹಾಕಿದರೂ ಪರದೆ ಬೆಳಗದಿರುವುದನ್ನು ನೋಡಿ, ಬೋರ್ಡು ಹೋಗಿದೆ, ಹೊಸತು ಹಾಕಿದರೆ ಯಂತ್ರದ ಅರ್ಧ ಬೆಲೆಯಾಗುತ್ತದೆ, ಅದಕ್ಕಿಂತ ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ ಎಂದರು.

ಪೇಟೆಯಲ್ಲಿ ಮೊದಲು ರೇಡಿಯೋ, ಆಮೇಲೆ ಟಿ.ವಿ. ಸರಿಮಾಡುತ್ತಿದ್ದ ಒಬ್ಬರ ಬಳಿಗೆ ಅದೇ ಬೋರ್ಡನ್ನು ಒಯ್ದೆ. ತೇವ, ಇರುವೆ ಒಳಹೋಗಬಾರದೆಂದು ಅದರ ಮೇಲೆ ದಪ್ಪನೆಯ ಅಂಟನ್ನು ಸುರಿದು ಮುಚ್ಚಿರುತ್ತಾರೆ. ಅವರು ಬಿಸಿಗಾಳಿ ಹಿಡಿದು, ಮರದ ಕಡ್ಡಿಯಿಂದ ಆ ಅಂಟನ್ನು ಚೂರುಚೂರಾಗಿ ಎಬ್ಬಿಸಿದರು. ಅಡಿಯಲ್ಲಿ ಬಟ್ಟೆಯ ಗುಂಡಿಯಷ್ಟಗಲದ ನೀಲಿ ಬಿಲ್ಲೆಯೊಂದು ಒಡೆದು ಕರಕಲಾಗಿತ್ತು. ಅದು ವೇರಿಸ್ಟರ್. ವೋಲ್ಟೇಜು ಮಿತಿಮೀರಿದಾಗ ಅದನ್ನು ತನ್ನ ಮೂಲಕ ಹಾಯಿಸಿಕೊಂಡು, ತಾನು ಸತ್ತು ಬೋರ್ಡನ್ನು ಉಳಿಸುವುದೇ ಅದರ ಕೆಲಸ. ಪಕ್ಕದ ಫ್ಯೂಸೂ ಹಾರಿತ್ತು. ಎರಡೂ ಸೇರಿ ಒಂದು ಊಟದಷ್ಟೂ ಬೆಲೆಯಿಲ್ಲದ ಸಾಮಾನು. ಬಿಡಿಸಿದ ಶ್ರಮಕ್ಕೆ ಅವರು ಕೇಳಿದ್ದನ್ನು ಸಂತೋಷದಿಂದಲೇ ಕೊಟ್ಟೆ. ಯಂತ್ರ ಈಗಲೂ ಓಡುತ್ತಿದೆ.

ಎಲ್ಲ ಬೋರ್ಡುಗಳೂ ಹೀಗೆ ಬದುಕುವುದಿಲ್ಲವೆಂದು ಅವರೇ ಹೇಳಿದರು. ಒಳಗಿನ ಪ್ರೋಗ್ರಾಂ ಇರುವ ಚಿಪ್ಪು ಸುಟ್ಟರೆ ಮುಗಿಯಿತು, ಆ ಪ್ರೋಗ್ರಾಂ ಕಂಪೆನಿಯ ಬಳಿ ಮಾತ್ರ ಇರುತ್ತದೆ. ಫ್ರಿಜ್ಜಿನದ್ದೂ ಬೇರೆ ಕತೆಯಲ್ಲ. ಹಿಂದೆ ಫ್ರಿಜ್ಜಿನ ಬೆನ್ನಿಗೆ ಕಪ್ಪು ಸರಳುಗಳ ಜಾಲರಿಯಿರುತ್ತಿತ್ತು, ಗ್ಯಾಸ್ ಹರಿಯುವ ಕೊಳವೆ ಅದರಲ್ಲೇ ಇರುತ್ತಿತ್ತು. ಗ್ಯಾಸ್ ಸೋರಿದರೆ ಅಲ್ಲೇ ಹುಡುಕಿ ಬೆಸುಗೆ ಹಾಕುತ್ತಿದ್ದರು. ಈಗ ಹಲವು ಮಾಡೆಲ್‌ಗಳಲ್ಲಿ ಆ ಕೊಳವೆಯನ್ನು ಪಕ್ಕದ ಗೋಡೆಯೊಳಗೆ, ಫೋಮಿನಲ್ಲಿ ಹುದುಗಿಸಿರುತ್ತಾರೆ. ಅಲ್ಲಿ ಸೋರಿದರೆ ಯಾರ ಕೈಯೂ ತಲಪುವುದಿಲ್ಲ.

ಹಳೆಯದೇ ಚೆನ್ನಾಗಿತ್ತೆಂದು ಹಾಡುವವನು ನಾನಲ್ಲ. ಹೊಸ ಇನ್ವರ್ಟರ್ ಫ್ರಿಜ್ಜು ಹಳೆಯದಕ್ಕಿಂತ ಕಡಿಮೆ ಕರೆಂಟು ತಿನ್ನುತ್ತದೆ, ಸದ್ದೂ ಇಲ್ಲ. ಆದರೆ ದುರಸ್ತಿಯಾಗುವುದಿಲ್ಲ ಎಂಬುದು ಹಣೆಬರಹವಲ್ಲ, ಕಾರ್ಖಾನೆಯಲ್ಲಿ ಯಾರೋ ಕುಳಿತು ಮಾಡಿದ ತೀರ್ಮಾನ. ಬೇರೆ ತೀರ್ಮಾನವೂ ಸಾಧ್ಯ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ವಾಷಿಂಗ್ ಮೆಷಿನ್‌ನ ಮಾಡೆಲೊಂದರ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಅದರ ಬಿಡಿಭಾಗಗಳನ್ನು ದುರಸ್ತಿಗಾರರಿಗೆ ಒದಗಿಸಬೇಕು. ಆ ಪಟ್ಟಿಯಲ್ಲಿ ಸರ್ಕ್ಯೂಟ್ ಬೋರ್ಡೂ ಇದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗೆಂದು ಪೋರ್ಟಲ್ ತೆರೆಯಿತು. ಕಂಪೆನಿಗಳು ತಮ್ಮ ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರಗಳನ್ನು ಅಲ್ಲಿ ಹಾಕಬೇಕೆಂಬುದು ಉದ್ದೇಶ. ಆದರೆ ವಿವರ ಹಾಕುವುದೇ ಬೇರೆ, ಬೋರ್ಡು ಪೆರ್ಲದವರೆಗೆ ಬಂದು ಮುಟ್ಟುವುದೇ ಬೇರೆ.

ಓಣಂ ಆಫರಿನ ಸಮಯದಲ್ಲಿ ತಂಗಿಯ ಮನೆಗೆ ಫ್ರಿಜ್ಜು ನೋಡಲು ಕಾಸರಗೋಡಿನ ಅಂಗಡಿಗೆ ಹೋಗಿದ್ದೆವು. ಕೊಳವೆ ಹೊರಗಿದೆಯೋ ಒಳಗಿದೆಯೋ, ಬೋರ್ಡಿಗೆ ಎಷ್ಟು ವರ್ಷ, ಅದು ಎಷ್ಟು ಕಾಲ ಸಿಗುತ್ತದೆ ಎಂದು ಕೇಳಿದೆ. ಸೇಲ್ಸ್‌ಮನ್ ಹುಡುಗ ಸಜ್ಜನ, ಹಾರಿಕೆಯ ಮಾತಾಡಲಿಲ್ಲ. ಇದನ್ನು ಇದುವರೆಗೆ ಯಾರೂ ಕೇಳಿಲ್ಲ ಸಾರ್ ಎಂದು ಮ್ಯಾನೇಜರನ್ನು ಕರೆದ. ಅವರು ಕಂಪ್ರೆಸರಿನ ಸ್ಟಿಕ್ಕರ್ ತೋರಿಸಿದರು. ನಾವು ಬೇರೆ ಅಂಗಡಿಗೆ ಹೋದೆವು. ಅಲ್ಲಿ ಬೋರ್ಡಿನ ವಾರಂಟಿಯನ್ನು ಬಿಲ್ಲಿನ ಮೇಲೆ ಬರೆದು ಸೀಲು ಹಾಕಿಕೊಟ್ಟರು, ಅಲ್ಲಿಯೇ ಕೊಂಡೆವು.